ತಲ್ಯಾಗಿನ ನೀರಗುಳ್ಳಿ

ತಿಕೋಟಾ
ತಾ. ೨೦-೬-೧೯೪೯

ಮಗಳು ಲಕ್ಕವ್ವಗ ನಿನ್ನಪ್ಪ ಅಮೋಘಿ ಬರಿಯೂದು.

ಎಲ್ಲಾ ಕ್ಷೇಮ ಅಂತ ಮೊದ್ಲ ಬರೀಬೇಕಂತ. ಕ್ಷೇಮ ಇದ್ದಿದ್ರ ನಾ ಕುರಿ ಬಿಟ್ಟು ಲಕೋಟಿ ಹಿಡಕೊಂಡು ಯಾಕ ಕೂಡ್ತಿದ್ದೆ?

ನಿನ್ನ ತಮ್ಮ ಸಿದ್ದರಾಯ ಎರಡ ತಿಂಗಳಿಂದ ತಲಿನೋವು ಅಂತ ಒದರಾಕತ್ತಾನ. ಮುಂಜಾನೆ ಎದ್ದ ಕೂಡ್ಲೆ ವಾಂತಿ ಮಾಡ್ಕೋತಾನ. ಬಲಗೈಯಾಗಿನ ಕೋಲು ಕಳಚಿ ಬೀಳತೈತಿ, ಬಿದ್ದದ್ದು ಅವಗ ಗೊತ್ತಽ ಆಗೂದಿಲ್ಲ. ಮೊನ್ನೆ ಭೂತನಾಳ ಕೆರಿ ದಂಡ್ಯಾಗ ಕುರಿಗೆ ನೀರು ಕುಡಸೂವಾಗ ಧಡ್ಡನ ಬಿದ್ದು ಕೈಕಾಲು ಸೆಟಸಿದ. ಇಪ್ಪತ್ತೊಂದು ವರ್ಷದ ಹುಡುಗ, ಕೋಣನಂಥಾ ಮೈ. ವಿಜಾಪುರದ ಡಾಕ್ಟರ ಅವನ ಕಣ್ಣಾಗ ದೀಪ ಹಿಡದು ನೋಡಿ, ತಲ್ಯಾಗ ಏನೋ ಬೆಳ್ಯಾಕತ್ತೈತಿ, ಮುಂಬಯಿಗೆ ಒಯ್ರಿ ಅಂದ. ಅಳಿಯಾರು ಗಿರಣಿ ರಜಾ ಹಾಕಿ ಊರಿಗೆ ಬಂದದ್ದು ಪುಣ್ಯೇ ಆತು. ಅವರ ಜೋಡಿ ಕಳಸಾಕತ್ತೇನಿ.

ಒಂದು ಮಾತು ಅಲ್ಲಿ ಡಾಕ್ಟರಗ ಹೇಳು. ಕುರಿಗೆ ಬರೂ ಸುತ್ತುಬ್ಯಾನಿ ಇದಲ್ಲ. ತಲ್ಯಾಗ ನೀರಗುಳ್ಳಿ ಬೆಳದು ಕುರಿ ಒಂದಽ ದಿಕ್ಕಿಗೆ ಸುತ್ತತೈತಲ್ಲ, ಆ ಬ್ಯಾನಿ. ಗುಳ್ಳಿ ಇದ್ದಲ್ಲೆ ಬುರುಡಿ ಮೆತ್ತಗ ಆಗತೈತಿ, ಹೆಬ್ಬಟ್ಟಿಗೆ ಗೊತ್ತಾಗತೈತಿ. ಸಿದ್ದರಾಯನ ತಲಿ ಈ ಕಿವಿಯಿಂದ ಆ ಕಿವಿತನಕ ಒತ್ತಿ ನೋಡೇನಿ, ಕಲ್ಲಿನಂಗ ಐತಿ. ನಲವತ್ಮೂರು ಕುರಿ ತಲಿ ಕೊರದ ಮನಷ್ಯಾನ ಹೆಬ್ಬಟ್ಟು ಇದು, ಸುಳ್ಳು ಹೇಳೂದಿಲ್ಲ.

ನಾ ಬರಾಂಗಿಲ್ಲ. ಐದು ಮನಿ ಕುರಿ ನನ್ನ ಕಾವಲಾಗ ಅದಾವ. ನಿಮ್ಮವ್ವ ಇದ್ದಿದ್ರ ಅಕಿ ಬರ್ತಿದ್ಲು.

ಅಕ್ಷರ ಸೊಟ್ಟ ಅದಾವ ಅಂತ ನಗಬ್ಯಾಡ. ನೀ ಬಬಲೇಶ್ವರ ಸಾಲಿಯಿಂದ ಸೂಟಿಗೆ ಬಂದಾಗ ನಿನ್ನ ಪಾಟಿ ಮ್ಯಾಲೆ ಕಲ್ತದ್ದು. ಮಾಸ್ತರ ಕಡಿಂದ ಬರಸಿದ್ರ ಅಂವ ನನ್ನ ಮಾತಿಗೆ ಕೋಟು ರುಮಾಲು ತೊಡಸ್ತಾನ.

ಅಮೋಘಿ


ಪರೇಲ, ಮುಂಬಯಿ
ತಾ. ೬-೭-೧೯೪೯

ಯಪ್ಪಾ,

ತಮ್ಮ ಬಂದು ಮುಟ್ಟ್ಯಾನ. ರೈಲಿನ್ಯಾಗ ಒಮ್ಮೆ ಮೈ ಸೆಟಸಿತಂತ, ಇವರು ತೊಡಿ ಮ್ಯಾಲೆ ತಲಿ ಹಿಡಕೊಂಡು ಕುಂತಿದ್ರಂತ. ಈಗ ದೊಡ್ಡ ದವಾಖಾನ್ಯಾಗ ಮಲಗಸ್ಯಾರ. ನಾ ದಿನಾ ಮಧ್ಯಾಹ್ನ ಹೋಗಿ ಕೂಡ್ತೀನಿ.

ನಿನಗ ಸಿಟ್ಟು ಬರತೈತಿ, ಬರಲಿ. ನಿನ್ನ ಹೆಬ್ಬಟ್ಟು ಈ ಸರ್ತಿ ತಪ್ಪೇತಿ. ಅದು ನೀರಗುಳ್ಳಿನಽ. ತಲ್ಯಾಗ ಗಾಳಿ ಹೊಗಿಸಿ ಎಕ್ಸರೇ ಫೋಟೊ ತಗದ್ರು, ಎಡಗಡೆ ಮಿದುಳು ಒತ್ತಿಕೊಂಡು ದುಂಡಗ ಕುಂತೈತಿ. ಮುಂಗೈಗೆ ಒಂದು ಸೂಜಿ ಚುಚ್ಚಿದ್ರು, ಸ್ವಲ್ಪ ಹೊತ್ತಿಗೆ ಅಲ್ಲಿ ಹಪ್ಪಳದಂಗ ಉಬ್ಬಿತು. ಹಂಗ ಉಬ್ಬಿದ್ರ ಇದಽ ಜಾತಿ ಗುಳ್ಳಿ ಅಂತ ಗುರುತಂತ. ಬೆಳದ ಮನಷ್ಯಾನ ಬುರುಡಿ ಕುರಿಮರಿದು ಆದಂಗ ಮೆತ್ತಗ ಆಗೂದಿಲ್ಲಂತ. ಕೆಟ್ಟ ಗಡ್ಡಿ ಅಲ್ಲ ಯಪ್ಪಾ. ಪೂರಾ ತಗದ್ರ ಪೂರಾ ಗುಣ. ಹಂಗಽ ಬಿಟ್ರ ದೀಪಾವಳಿ ಕಾಣೂದಿಲ್ಲ ಅಂದ್ರು.

ತಗಿಯೂ ರೀತಿಗೆ ಇಲ್ಲಿ ಇಬ್ಬರು ಡಾಕ್ಟರಿಗೆ ಜಗಳ. ಹಿರೇ ಡಾಕ್ಟರು ಹೇಳೂದು: ಬುರುಡಿಗೆ ಬಟ್ಟಿನಷ್ಟು ತೂತು ಮಾಡಿ, ಸೂಜಿ ಇಳಿಸಿ, ನೀರು ಜಗ್ಗಿಬಿಡೂದು. ತಾಸಿನ ಕೆಲಸ. ಹುಡುಗ ವಾರಕ್ಕ ಎದ್ದು ಅಡ್ಡಾಡ್ತಾನ. ಸಣ್ಣ ಡಾಕ್ಟರು ಯುದ್ಧದಾಗ ಮಿಲ್ಟ್ರಿಯವರ ತಲಿ ಹೊಲದು, ಮುಂದ ಪರದೇಶಕ್ಕ ಹೋಗಿ ಕಲ್ತು ಬಂದಾರ. ಅವರಂತಾರ: ಗುಳ್ಳಿಗೆ ಸೂಜಿ ಮುಟ್ಟಸಬಾರದು. ಅಂಗೈ ಅಗಲ ಬುರುಡಿ ಬಾಗಿಲದಂಗ ಎತ್ತಿ, ತಲಿ ಕೆಳಗ ವಾಲಸಿ, ಗುಳ್ಳಿ ಹಿಂದ ಹನಿ ಹನಿ ಉಪ್ಪುನೀರು ಬಿಟ್ರ, ಅದು ಒಡೀದಽ ತಾನಽ ಜಾರಿ ಹೊರಗ ಬರತೈತಿ. ಆದ್ರ ಐದಾರು ತಾಸು ಬೇಕು, ರಕ್ತ ಭಾಳ ಹೋಗತೈತಿ. ಮೇಜಿನ ಮ್ಯಾಲೆ ಜೀವ ಹೋದ್ರೂ ಹೋದೀತು, ಕೈಯೋ ಮಾತೋ ಬಿದ್ದರೂ ಬಿದ್ದೀತು. ಹಂಗಾದ್ರ ಸೂಜಿನಽ ಹಾಕ್ರಿ ಅಂದೆ. ಆ ನೀರಿನ್ಯಾಗ ಉಸುಕಿನಂಥಾ ಕಾಳು ಇರ್ತಾವಂತ, ಒಂದು ಕಾಳು ಒಳಗ ಚೆಲ್ಲಿದ್ರ ಒಂದು ಹೊಸಾ ಗುಳ್ಳಿ ಅಂತ ಸಣ್ಣ ಡಾಕ್ಟರು ಅಂದ್ರು. ಹಿರೇರು ಇಷ್ಟೆಲ್ಲಾ ಹೆದರಸಬ್ಯಾಡ್ರಿ ಅಂದ್ರು. ಕಡೀಕ ಮನಿ ಮಂದಿ ಹೂಂ ಅಂದದ್ದು ಮಾಡೋಣ ಅಂತ ನಮ್ಮ ಮ್ಯಾಲೆ ಹಾಕ್ಯಾರ.

ನಾ ಸುಮ್ನಿರಲಿಲ್ಲ. ನಮ್ಮಪ್ಪ ನಲವತ್ಮೂರು ಕುರಿ ತಲಿ ಕೊರದು ಗುಳ್ಳಿ ತಗದಾನ ಅಂತ ಎಲ್ಲಾರ ಮುಂದ ಎದಿ ಉಬ್ಬಿಸಿ ಹೇಳಿದೆ. ನರ್ಸಬಾಯಿಗಳು ಕಿಸಕ್ಕನ ನಕ್ಕರು. ಸಣ್ಣ ಡಾಕ್ಟರು ನಗಲಿಲ್ಲ. ಖುರ್ಚಿ ಎಳಕೊಂಡು ಕುಂತು, ಹ್ಯಾಂಗ ತಗೀತಾರ, ಎಷ್ಟು ಉಳದಾವ, ಅವರಿಗೆ ಬರದು ಕೇಳಬಾಯಿ ಅಂದ್ರು. ಪರದೇಶದಿಂದ ಬಂದ ಡಾಕ್ಟರು ನಿನ್ನ ಕೇಳಾಕತ್ತಾರ ಯಪ್ಪಾ! ಇನ್ನೊಂದು ಮಾತೂ ಕೇಳಿದ್ರು, ಅದನ್ನ ಮುಂದ ಬರೀತೀನಿ.

ನೀ ಹೇಳಿದ್ದಕ್ಕ ನಾ ಸಹಿ ಮಾಡ್ತೀನಿ.

ಲಕ್ಕವ್ವ


ತಿಕೋಟಾ
ತಾ. ೧೪-೭-೧೯೪೯

ಲಕ್ಕವ್ವಾ,

ಹೆಬ್ಬಟ್ಟು ತಪ್ಪಿಲ್ಲ. ಮನಷ್ಯಾನ ಬುರುಡಿ ಹಂಗ ಇರತೈತಿ ಅಂತ ನನಗ ಯಾರು ಹೇಳಿದ್ರು? ಕುರಿ ಬುರುಡಿ ಕೇಳು, ಹೇಳತೀನಿ.

ನಿನ್ನ ಡಾಕ್ಟರಗ ಓದಿ ತೋರಸು. ಕುರಿ ಯಾವ ಕಡೆ ಸುತ್ತತೈತಿ, ಗುಳ್ಳಿ ಆ ಕಡೆ. ಮೆತ್ತನ ಜಾಗಾ ಹುಡಕಿ ತೊಗಲು ಮೂರು ಮೂಲಿ ಕೊಯ್ದು ಹಿಂದ ಮಡಚತೀನಿ. ಚಾಕುಲೆ ಬುರುಡಿ ಕೊರದು, ಹದ್ದಿನ ಗರಿ ಕೊಳವಿ ಇಳಿಸಿ, ಬಾಯಿಲೆ ನೀರು ಜಗ್ಗಿ ಉಗುಳತೀನಿ. ತೊಗಲು ಮುಚ್ಚಿ ಅರಿಶಿಣ ಬೆಣ್ಣಿ ಮೆತ್ತಿದ್ರ ಮುಗೀತು. ಒಂದು ಚಿಲುಮಿ ತಂಬಾಕು ಸುಡೂದ್ರಾಗ ಕೆಲಸ ಮುಗದಿರತೈತಿ. ನಲವತ್ಮೂರರಾಗ ಮೂವತ್ತೊಂದು ಎದ್ದು ತಮ್ಮ ಕಾಲಿಲೆ ಹಿಂಡಿಗೆ ಹೋಗ್ಯಾವ. ಸಾರವಾಡದಿಂದ ಜೈನಾಪುರತನಕ ಯಾವ ಹಟ್ಟ್ಯಾಗ ಬೇಕಾದ್ರೂ ಕೇಳಲಿ, ಅಮೋಘಿ ಕೈ ಅಂದ್ರ ಕೈ ಅಂತಾರ.

ಹಿರೇ ಡಾಕ್ಟರು ಶಾಣ್ಯಾ ಮನಷ್ಯಾ. ನನ್ನ ರೀತಿನಽ ಹೇಳ್ಯಾರ, ಗರಿ ಬದಲಿ ಸೂಜಿ, ಅಷ್ಟಽ. ಅಂಗೈ ಅಗಲ ಬಾಗಲಾ ತಗಿಯಾಕ ನನ್ನ ಮಗನ ತಲಿ ಏನು ಗುಬ್ಬಿ ಮನಿಯೇನು? ಸಣ್ಣ ತೂತಿಗೆ ಸಹಿ ಮಾಡು. ಸಿದ್ದರಾಯಗ ಅಪ್ಪ ಹೇಳ್ಯಾನ ಅನ್ನು, ಹೆದರೂದಿಲ್ಲ.

ಅಮೋಘಿ


ಪರೇಲ, ಮುಂಬಯಿ
ತಾ. ೨೧-೭-೧೯೪೯

ಯಪ್ಪಾ,

ನಿನ್ನ ಪತ್ರ ಮರಾಠಿ ಮಾಡಿ ಇಬ್ಬರ ಮುಂದೂ ಓದಿದೆ. ಗರಿ ಕೊಳವಿ ಮಾತಿಗೆ ಹಿರೇ ಡಾಕ್ಟರು ಚಪ್ಪಾಳಿ ಹೊಡದ್ರು. ನೋಡ್ರಿ, ಕುರುಬಗ ತಿಳದದ್ದು ನಿಮಗ ತಿಳಿವಲ್ದು ಅಂತ ಸಣ್ಣವರನ್ನ ಕಾಡಿಸಿದ್ರು. ನನಗ ಎಷ್ಟು ಹೆಮ್ಮಿ ಆತು ಅಂದ್ರ, ಆ ನರ್ಸಬಾಯಿಗಳ ಕಡೆ ತಿರುಗಿ ಒಂದ್ಸಲ ನೋಡೇಬಿಟ್ಟೆ.

ಸಣ್ಣ ಡಾಕ್ಟರು ಮಾತ್ರ ಎಲ್ಲಾ ಬರಕೊಂಡು ಒಂದು ಪ್ರಶ್ನಿ ಕೇಳ್ಯಾರ. ಆ ಮೂವತ್ತೊಂದರಾಗ ವರ್ಷ ಆದ ಮ್ಯಾಲೆ ಎಷ್ಟು ನೆಟ್ಟಗ ಇದ್ದವು? ಎರಡು ವರ್ಷಕ್ಕ ಎಷ್ಟು? ಇದೊಂದು ತಿಳಕೊಂಡು ಹೇಳು ಅಂದ್ರು.

ತಮ್ಮಗ ಮಾತು ತಪ್ಪಾಕತ್ತಾವ. ನಿನ್ನೆ ನೀರು ಬೇಕಾಗಿ ಕಂಬಳಿ ಕೊಡು ಅಂದ. ಕೊಟ್ಟೆ, ಅಲ್ಲ ಅಲ್ಲ ಅಂತ ಅತ್ತ. ಅಪ್ಪ ಏನಂತಾನ ಅಂತ ಕೇಳಿದ. ಸಣ್ಣ ತೂತು ಅಂತಾನ ಅಂದೆ. ಹಂಗಾದ್ರ ಅದಽ ಅಂದು ಗ್ವಾಡಿ ಕಡೆ ಹೊಳ್ಳಿದ. ಬೇಗ ಬರಿ ಯಪ್ಪಾ.

ಲಕ್ಕವ್ವ


ತಿಕೋಟಾ
ತಾ. ೨೭-೭-೧೯೪೯

ಲಕ್ಕವ್ವಗ,

ಇಲ್ಲಿ ಮಳಿ ಚಲೋ ಹಿಡದೈತಿ. ಸಜ್ಜಿ ಎದ್ದಾವ. ಎರಡು ಮರಿ ಹುಟ್ಟ್ಯಾವ. ಅಳಿಯಾರಿಗೆ ಕಂಬಳಿ ನೇಯಸಾಕ ಹಾಕೇನಿ.

ವರ್ಷ ಆದ ಮ್ಯಾಲೆ ಎಷ್ಟು ಅಂತ ಯಾಂವ ಕೇಳತಾನ? ಕುರಿಗೇನು ಜಾತಕ ಬರದು ಇಟ್ಟೇನೇನು? ಅವನಿಗೆ ಕೆಲಸ ಇಲ್ಲ. ಸಣ್ಣ ತೂತು ಅಂದ್ರ ಸಣ್ಣ ತೂತು.

ಅಮೋಘಿ


ಪರೇಲ, ಮುಂಬಯಿ
ತಾ. ೧-೮-೧೯೪೯

ಯಪ್ಪಾ,

ನಿನ್ನ ಕಾರ್ಡು ಬಂತು. ಮಳಿ, ಸಜ್ಜಿ, ಕಂಬಳಿ ಎಲ್ಲಾ ಓದಿದೆ. ಕೇಳಿದ್ದು ಮಾತ್ರ ಇಲ್ಲ. ನೀ ಕೇಳಿದಷ್ಟಕ್ಕ ಸುಮ್ನಾಗೂ ಮನಷ್ಯಾ ಅಲ್ಲ, ಕೇಳದಿದ್ದರೂ ಹೇಳಾಂವ. ಅದಕ್ಕಽ ನನಗ ಹೆದರಿಕಿ ಹತ್ತೇತಿ.

ಇಲ್ಲಿ ಇನ್ನ ತಡಿಯಾಂಗಿಲ್ಲ. ಬಲಗೈ ಪೂರಾ ಜೋತು ಬಿದ್ದೈತಿ. ಕಣ್ಣು ಮಂಜಾಗ್ಯಾವ. ಸಹಿಗೆ ಒಂಬತ್ತನೇ ತಾರೀಖು ಕರದಾರ. ನಿನ್ನಿಂದ ಬ್ಯಾರೆ ಮಾತು ಬರಲಿಲ್ಲ ಅಂದ್ರ ನೀ ಹೇಳಿದಂಗ ಸೂಜಿಗೆ ಸಹಿ ಮಾಡ್ತೀನಿ. ಮನಿಯಾಗ ಇವರು ದೊಡ್ಡ ಆಪರೇಶನ್‌ ಮಾಡಸೋಣ ಅಂದ್ರು. ನಮ್ಮಪ್ಪನಷ್ಟು ನಿಮಗ ಗೊತ್ತೈತೇನು ಅಂತ ಅವರ ಬಾಯಿ ಮುಚ್ಚಿಸೇನಿ. ಅಷ್ಟು ಭರೋಸೆ ನಿನ್ನ ಮಾತಿನ ಮ್ಯಾಲೆ ಇಟ್ಟೇನಿ ಯಪ್ಪಾ, ನೆನಪಿರಲಿ.

ಲಕ್ಕವ್ವ


ವಿಜಾಪುರ
ತಾ. ೬-೮-೧೯೪೯

ಯವ್ವಾ ಲಕ್ಕವ್ವಾ,

ಈ ಪತ್ರಕ್ಕಿಂತ ಮೊದ್ಲ ತಾರ ಮುಟ್ಟಿರಬೇಕು. ಸೂಜಿಗೆ ಸಹಿ ಮಾಡಬ್ಯಾಡ, ಪತ್ರ ಬರತೈತಿ, ಅಂತ ಹೊಡಸೇನಿ. ಟಪಾಲ ಕಚೇರಿ ಕಟ್ಟಿ ಮ್ಯಾಲೆ ಕುಂತು ಇದನ್ನ ಬರ್ಯಾಕತ್ತೇನಿ.

ನಿನ್ನ ಪತ್ರ ನಿನ್ನೆ ಬಂತು. ಕುರಿ ಪಕ್ಕದ ಹಟ್ಟಿಯವರಿಗೆ ಒಪ್ಪಿಸಿ ಸೀದಾ ಬುಡ್ಡೇಸಾಬನ ಅಂಗಡಿಗೆ ಬಂದೆ. ಮೂವತ್ತು ವರ್ಷದಿಂದ ನಮ್ಮ ಕುರಿ ಅಂವಽ ಕೊಳ್ಳೂದು, ಅಂವಽ ಕೊಯ್ಯೂದು. ನಾ ಕೊರದ ಗುರುತು ಇರೂ ಕುರಿ ತಲಿ ಒಡದಾಗ ಒಳಗ ಏನು ನೋಡೀದಿ ಖರೇ ಹೇಳು ಅಂದೆ. ಅಂವ ಕೈ ತೊಳಕೊಂಡು ಬಂದು, ಚಹಾ ತರಿಸಿದ.

"ಬ್ಯಾಡೋ ಅಮೋಘಿ, ಕೇಳಬ್ಯಾಡ," ಅಂದ.

"ನನ್ನ ಮಗ ಸಾಯಾಕತ್ತಾನ, ಹೇಳು," ಅಂದೆ.

"ನಿನ್ನ ಕಡಿಂದ ಕೊಂಡು ಒಂದು ಬ್ಯಾಸಗಿ ಮೇಯಿಸಿ ಕೊಯ್ದ ಕುರಿ ತಲಿ ಒಡದ್ರ, ಅರ್ಧಕ್ಕಿಂತ ಹೆಚ್ಚು ತಲ್ಯಾಗ ಗುಳ್ಳಿ ಮತ್ತ ಇರ್ತಿದ್ವು. ಒಂದಿದ್ದಲ್ಲೆ ಮೂರು, ನಾಕು."

"ಇಷ್ಟು ವರ್ಷ ಯಾಕ ಹೇಳಲಿಲ್ಲೋ?"

"ನೀ ಅಷ್ಟು ಹೆಮ್ಮಿಲೆ ಹೇಳಕೋತ ಬರ್ತಿದ್ದಿ. ದೋಸ್ತ ಅದೀನಿ, ನಿನ್ನ ಮಾರಿ ಹ್ಯಾಂಗ ಸಣ್ಣ ಮಾಡ್ಲಿ?"

ಲಕ್ಕವ್ವಾ, ನನ್ನ ಮೂವತ್ತೊಂದು ಅನ್ನೂದು ಮರುದಿನದ ಎಣಿಕಿ. ತಲಿ ಕೊರದ ಕುರಿ ಹಿಂಡಿನ್ಯಾಗ ಇಟ್ಕೋಬಾರದು, ಎದ್ದು ಮೇದ ಮ್ಯಾಲೆ ಮಾರಿಬಿಡಬೇಕು ಅನ್ನೂದು ನಮ್ಮ ಹಿರ್ಯಾರ ಪದ್ಧತಿ. ಹಂಗಽ ಮಾಡ್ಕೋತ ಬಂದೆ. ಮಾರಿದ ಕುರಿ ತಿರುಗಿ ಬಂದು ನನ್ನ ಮುಂದ ಸುತ್ತು ಹೊಡೀತೈತೇನು? ನಾ ಗುಣ ಮಾಡಿದೆ ಅಂತ ಮೀಸಿ ತಿರುವಿದೆ.

ನನಗ ಏನೂ ಗೊತ್ತಿರಲಿಲ್ಲ ಅಂದ್ರ ಅದೂ ಸುಳ್ಳು. ಸಿದ್ದರಾಯ ಸಣ್ಣಾಂವ ಇದ್ದಾಗ ಅವನ ಕರಿ ಟಗರಿನ ತಲಿ ತಗದಿದ್ದೆ, ಅಂವ ಮಾರಗೊಡಲಿಲ್ಲ. ಎಂಟು ತಿಂಗಳಿಗೆ ಅದು ಮತ್ತ ಸುತ್ತಾಕ ಹತ್ತಿತು. ಊರ ಹೊರಗ ಒಯ್ದು ಕೊಯ್ದು, ಬಾವ್ಯಾಗ ಬಿತ್ತು ಅಂತ ನಿಮಗ ಹೇಳಿದೆ. ನೀವಿಬ್ಬರೂ ಅತ್ತು ಎರಡು ದಿನ ಉಣಲಿಲ್ಲ. ನಿನ್ನ ಡಾಕ್ಟರ ಕೇಳಿದಾಗ ನನಗ ನೆನಪಾದದ್ದು ಆ ಟಗರು. ಅದಕ್ಕಽ ನಿನಗ ಮಳಿ ಸುದ್ದಿ ಬರದೆ.

ಇನ್ನೊಂದು ಕೇಳು. ಬಿಳಿಕಿವಿ ಕುರಿ ಅಂತ ಒಂದಿತ್ತು. ತಲಿ ಕೊರದು ಗರಿ ತಗೊಳ್ಳೂದ್ರಾಗ ಒದ್ದಾಡಿ ಒಡ್ಡಿನ ಮ್ಯಾಲಿಂದ ತಲಿಕೆಳಗಾಗಿ ಜೋತುಬಿತ್ತು. ಗುಳ್ಳಿ ಇಡೀದು, ಒಡೀದಽ, ಪಚಕ್ಕನ ಹುಲ್ಲಿನ ಮ್ಯಾಲೆ ಬಂದು ಬಿತ್ತು. ಬಸುರಿ ಅಂತ ಅದನ್ನ ಮಾರಲಿಲ್ಲ. ಆಮ್ಯಾಲೆ ಆರು ವರ್ಷ ಬದುಕಿ ಮರಿ ಹಾಕಿತು. ಅದನ್ನ ನಾ ನನ್ನ ಎಣಿಕ್ಯಾಗ ಹಿಡೀಲೇ ಇಲ್ಲ. ಅದು ನನ್ನ ಕೈಚಳಕ ಅಲ್ಲ, ಕುರಿ ಒದ್ದಾಡಿ ಆದದ್ದು ಅಂತ ಬಿಟ್ಟೆ.

ಸಣ್ಣ ಡಾಕ್ಟರಗ ಇದೆಲ್ಲಾ ಓದಿ ತೋರಸು. ನಾಚಕೋಬ್ಯಾಡ, ನಾಚಿಗಿ ನಂದು. ನನ್ನ ಮಾತು ಹಿಂದಕ್ಕ ತಗೊಂಡೇನಿ. ಮೇಜಿನ ಮ್ಯಾಲೆ ಏನರೆ ಆದ್ರ ನಿನ್ನ ಸಹಿ ಅಲ್ಲ ಅದು, ಅಮೋಘಿ ಸಹಿ ಅಂತ ತಿಳಿ. ಗುಳ್ಳಿ ಇಡೀದಽ ತಗೀಲಿ.

ನಿನ್ನಪ್ಪ


ಪರೇಲ, ಮುಂಬಯಿ
ತಾ. ೨೪-೮-೧೯೪೯

ಯಪ್ಪಾ,

ತಮ್ಮ ಉಳದಾನ! ತಾರ ಹೊಡಸಿದ್ದು ಮುಟ್ಟಿರತೈತಿ, ಈಗ ಪೂರಾ ಹೇಳತೀನಿ.

ನಿನ್ನ ಪತ್ರ ಮರಾಠಿ ಮಾಡಿ ಸಣ್ಣ ಡಾಕ್ಟರ ಮುಂದ ಓದಿದೆ. ಟಗರಿನ ಮಾತಿಗೆ ನಿನ್ನ ಮ್ಯಾಲೆ ಸಿಟ್ಟೂ ಬಂತು, ಸುಳ್ಳ್ಯಾಕ ಹೇಳಲಿ. ಅವರು ನನ್ನನ್ನ ಡಾಕ್ಟರಕಿ ಕಲಿಯೂ ಹುಡುಗರ ಮುಂದ ಕರಕೊಂಡು ಹೋಗಿ ಮತ್ತೊಮ್ಮೆ ಪೂರಾ ಓದಸಿದ್ರು. "ತನ್ನ ಸೋಲು ತಾನಽ ಹುಡಕಿಕೊಂಡು ಹೋಗಿ ಎಣಿಸಿ ಬಂದಾನ ಈ ಮನಷ್ಯಾ. ನಾವು ಎಷ್ಟು ಮಂದಿ ಹೋಗೇವಿ?" ಅಂದ್ರು. ಬಾಗಲದಾಗ ಹಿರೇ ಡಾಕ್ಟರು ನಿಂತಿದ್ರು. ನನಗನಿಸ್ತು ಸಿಟ್ಟಾದ್ರು ಅಂತ. ಅವರು ಕನ್ನಡಕ ತಗದು ಒರಸಕೋತ, "ನನ್ನ ರೋಗಿಗಳು ಊರಿಗೆ ಹೋದ ಮ್ಯಾಲೆ ಏನಾದ್ರು ಅಂತ ನಾನೂ ಕೇಳಿಲ್ಲ," ಅಂದ್ರು. ದೊಡ್ಡ ಆಪರೇಶನ್‌ದಾಗ ತಾವಽ ಸಣ್ಣವರ ಎದುರಿಗೆ ನಿಂತು ತಮ್ಮನ ತಲಿ ಹಿಡದ್ರು.

ಹದಿನಾರಕ್ಕ ಮುಂಜಾನೆ ಎಂಟಕ್ಕ ಒಳಗ ಒಯ್ದ್ರು, ಮಧ್ಯಾಹ್ನ ಎರಡರತನಕ ತರಲಿಲ್ಲ. ನಾ ಹೊರಗ ಬಾಕಿನ ಮ್ಯಾಲೆ ಕುಂತು, ಯಾವ ದೇವರನ್ನ ಕರೀಬೇಕೋ ತಿಳೀದಽ ನಿನ್ನ ಹೆಸರು ಹಿಡದು ಕರದೆ. ಹೊರಗ ಬಂದ ಸಣ್ಣ ಡಾಕ್ಟರ ಅಂಗಿ ಬೆವರಿಗೆ ತೊಯ್ದಿತ್ತು. ಕೈಯಾಗ ಗಾಜಿನ ಬರಣಿ. ಅದರಾಗ ಬೆಳವಲಕಾಯಿ ಅಷ್ಟು ಗುಳ್ಳಿ, ಬೆಳ್ಳಗ, ಒಂದು ಗೀರಿಲ್ಲ. "ನಿಮ್ಮಪ್ಪಗ ಬರಿ, ಇಡೀದಽ ಬಂತು ಅಂತ," ಅಂದ್ರು. ನಾ ಅಲ್ಲೇ ಕುಂತು ಅತ್ತೆ. ಆ ನರ್ಸಬಾಯಿಗಳಽ ಬಂದು ನನ್ನ ಎಬ್ಬಿಸಿದ್ರು.

ಬಲಗೈ ಇನ್ನ ಸೋತೈತಿ, ತಿದ್ದತೈತಿ ಅಂತಾರ. ಮಾತು ಬಂದಾವ. ನಿನ್ನೆ ಇಲ್ಲಿ ರೊಟ್ಟಿ ರೊಟ್ಟಿ ಅಲ್ಲ ಅಂತ ಜಗಳ ತಗದಾನ.

ಈಗ ನಾ ಮುಚ್ಚಿಟ್ಟದ್ದು. ಅವತ್ತು ಸಣ್ಣ ಡಾಕ್ಟರು ಕೇಳಿದ ಇನ್ನೊಂದು ಮಾತು, ಕುರಿ ಗುಳ್ಳಿ ತಗದು ಎಲ್ಲಿ ಒಗೀತೀರಿ ಅಂತ. ನಾಯಿಗೆ ಹಾಕತೇವಿ, ಕೊಯ್ದ ಕುರಿ ಹೊಟ್ಟ್ಯಾಗಿನ ಗುಳ್ಳಿನೂ ಹಾಕತೇವಿ, ಅದು ಹಟ್ಟಿ ನಾಯಿ ಪಾಲು ಅಂದೆ. ಅವರು ಬರಿಯೂದು ನಿಲ್ಲಿಸಿದ್ರು. ಕುರಿ ತಲ್ಯಾಗಿಂದು ಬ್ಯಾರೆ ಜಾತಿ, ತಮ್ಮನ ತಲ್ಯಾಗಿಂದು ಕುರಿ ಹೊಟ್ಟ್ಯಾಗಿನ ಜಾತಿ, ಎರಡೂ ನಾಯಿ ಹೊಟ್ಟ್ಯಾಗ ಹುಳ ಆಗತಾವಂತ. ಹುಳದ ತತ್ತಿ ಹೇಲಿನ್ಯಾಗ ಬಿದ್ದು, ನಾಯಿ ಮೈಗೆ ಹತ್ತಿ, ಅಲ್ಲಿಂದ ಹುಲ್ಲಿಗೆ, ಕುರಿಗೆ, ಹುಡುಗರ ಕೈಗೆ ಬರ್ತಾವಂತ. ತಮ್ಮ ಸಣ್ಣಾಂವ ಇದ್ದಾಗ ನಾಯಿ ಕುತ್ತಿಗಿ ತಬ್ಬಿಕೊಂಡು ಮಲಗತಿದ್ದ. ನಿನಗ ಇದನ್ನ ಅವಾಗ ಬರದಿದ್ರ ನೀ ಉಳೀತಿರಲಿಲ್ಲ ಅನಿಸ್ತು. ತಮ್ಮಗೂ ಹೇಳಿಲ್ಲ. ನಿನ್ನ ತಪ್ಪಲ್ಲ ಯಪ್ಪಾ, ಯಾರಿಗೂ ಗೊತ್ತಿರಲಿಲ್ಲ.

ಲಕ್ಕವ್ವ


ಸಾರವಾಡ
ತಾ. ೮-೯-೧೯೪೯

ಲಕ್ಕವ್ವಾ,

ಇಡೀದಽ ಬಂತು ಅನ್ನೂ ಸಾಲು ನೂರು ಸಲ ಓದೇನಿ. ತಿಕೋಟ್ಯಾಗ ಮನಿ ಮನಿಗೆ ಹೋಗಿ ಓದೇನಿ. ನನ್ನ ಮಗ ಉಳದ, ನನ್ನ ಮಗಳು ಉಳಸಿದ್ಲು, ಆ ಡಾಕ್ಟರಗ ನೂರು ವರ್ಷ ಆಯುಷ್ಯ ಇರಲಿ.

ನಾಯಿ ಮಾತು ಓದಿದ ದಿನ ನಾ ಎಲ್ಲಿಗೂ ಹೋಗಲಿಲ್ಲ. ಮರುದಿನ ಎದ್ದು ಹಟ್ಟಿ ಮುಂದ ಎದಿಮಟ ಕುಣಿ ತೋಡಿದೆ. ಇನ್ನ ಮ್ಯಾಲೆ ಗುಳ್ಳಿ ಎಲ್ಲಾ ಅದರಾಗ, ಮ್ಯಾಲೆ ಸುಣ್ಣಾ, ಮಣ್ಣು. ನಾಯಿಗೆ ಬರೇ ಅಂಬಲಿ, ರೊಟ್ಟಿ. ಆಮ್ಯಾಲೆ ಕೋಲು ಹಿಡದು ಹೊರಟೆ. ಬಬಲೇಶ್ವರದ ಹಟ್ಟಿಗಳು ಮುಗದು ಈಗ ಸಾರವಾಡದಾಗ ಅದೇನಿ. ಎಲ್ಲಾ ಹಟ್ಟ್ಯಾಗ ಎರಡು ಮಾತು ಹೇಳತೀನಿ: ನಾಯಿಗೆ ಗುಳ್ಳಿ ಹಾಕಬ್ಯಾಡ್ರಿ, ಮತ್ತ ತಲಿ ತಗದ ಕುರಿ ಎರಡು ವರ್ಷ ಮಾರಬ್ಯಾಡ್ರಿ, ಏನಾಗತೈತಿ ನೋಡ್ರಿ. ಅರವತ್ತು ವರ್ಷಕ್ಕ ನನ್ನ ಕೆಲಸ ನಾ ಕಲಿಯಾಕ ಹತ್ತೇನಿ.

ಇಲ್ಲಿ ನಿನ್ನೆ ಒಬ್ಬ ಪಡ್ಡೆ ಹುಡುಗ ಎದ್ದು ನಿಂತು, "ಯಾವ ಡಾಕ್ಟರ ಹೇಳ್ಯಾನೋ ಮುತ್ಯಾ? ನಮ್ಮ ಅಜ್ಜ ಮುತ್ತಜ್ಜ ಎಲ್ಲಾ ಹಾಕ್ಯಾರ," ಅಂದ. ಎಲ್ಲಾರೂ ನಕ್ಕರು.

"ಡಾಕ್ಟರ ಹೆಸರು ನಿನಗ್ಯಾಕ? ನನ್ನ ಹೆಸರು ಹೇಳು," ಅಂದೆ. "ತಿಕೋಟಿ ಅಮೋಘಿ ಹೇಳ್ಯಾನ, ತನ್ನ ಮಗನ ತಲೀಗೆ ತನ್ನ ಕೈಯಾರೆ ಗುಳ್ಳಿ ತಂದು ಇಟ್ಟಾಂವ ಹೇಳ್ಯಾನ ಅನ್ನು."

ಆ ಹುಡುಗನಽ ಗುದ್ದಲಿ ತಂದು ಕುಣಿ ತೋಡಾಕ ಹತ್ತಿದ.

ಸಿದ್ದರಾಯಗ ನೀ ಹೇಳಬ್ಯಾಡ. ಅಂವ ಬರೂ ದಿನ ನಾ ವಿಜಾಪುರ ಟೇಶನ್‌ಗೆ ಬಂದು ನಿಂದರತೀನಿ. ಊರು ಮುಟ್ಟೂದ್ರೊಳಗ ನನ್ನ ಬಾಯಿಂದ ಕೇಳಲಿ.

ನಿನ್ನಪ್ಪ ಅಮೋಘಿ